ಮನೆ ತೋಟದೊಳಗೆ, ಹೆಸರು ರಿಜಿಸ್ಟರ್‌ನ ಹೊರಗೆ: ಚಹಾ ತೋಟದ ‘ಫಾಲ್ತು’ ಕೆಲಸಗಾರರು

‘ಫಾಲ್ತು’ ಅನ್ನೋ ಮಾತು ನಮಗೆ ಹೊಸದಲ್ಲ. ಫಾಲ್ತು ಮಾತು, ಫಾಲ್ತು ಖರ್ಚು ಅಂತ ದಿನಾ ಬಳಸುತ್ತೇವೆ. ಬೇಡದ್ದು, ಲೆಕ್ಕಕ್ಕಿಲ್ಲದ್ದು ಅಂತ ಅರ್ಥ. ಅಸ್ಸಾಂನ ಚಹಾ ತೋಟಗಳಲ್ಲಿ ಇದೇ ಮಾತು ಒಂದು ಕೆಲಸದ ಹೆಸರು. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಕೂಲಿ ಸಿಗುವ ತಾತ್ಕಾಲಿಕ ಕೆಲಸಗಾರರನ್ನು ಅಲ್ಲಿ ಫಾಲ್ತು ಅಂತಾರೆ. ಬೈಗುಳ ಅಂತ ಅಲ್ಲ, ರೂಢಿಯೇ ಹಾಗೆ. ಉತ್ತರ ಬಂಗಾಳದ ಡೂವರ್ಸ್ ಕಡೆ ಇವರನ್ನೇ ‘ಬಿಘಾ’ ಕೆಲಸದವರು ಅಂತ ಕರೆಯುತ್ತಾರೆ.

ಈ ಫಾಲ್ತುಗಳು ಯಾರು? ಸೀಸನ್‌ಗೆ ಬೇರೆ ಊರಿಂದ ಬಂದು, ಕೆಲಸ ಮುಗಿಸಿ ಹೊರಟು ಹೋಗುವವರು ಅಂತ ಮೊದಲು ನಾನೂ ಅಂದುಕೊಂಡಿದ್ದೆ. ನಮ್ಮ ಕಡೆ ಕಬ್ಬು ಕಡಿಯಲು ಗ್ಯಾಂಗ್ ಬರುತ್ತದಲ್ಲ, ಹಾಗೆ. ಅಸ್ಸಾಂನಲ್ಲಿ ಹಾಗಲ್ಲ. ಫಾಲ್ತುಗಳಲ್ಲಿ ಬಹಳಷ್ಟು ಮಂದಿ ಹುಟ್ಟಿದ್ದೇ ಆ ತೋಟದಲ್ಲಿ. ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲಾ ಅಲ್ಲೇ ದುಡಿದವರು. ಇವತ್ತಿಗೂ ಅದೇ ತೋಟದ ಲೇಬರ್ ಲೈನ್‌ನಲ್ಲಿ, ಅಂದರೆ ಕಂಪನಿ ಕಟ್ಟಿಸಿದ ಸಾಲು ಮನೆಯಲ್ಲಿ ವಾಸ. ಪಕ್ಕದಲ್ಲಿ ನಿಂತು ಅದೇ ಗಿಡದ ಎಲೆ ಕೀಳುವ ಕಾಯಂ ಕೆಲಸಗಾರಳು ಇವಳ ಅತ್ತೆಯೋ ಅಕ್ಕನೋ ಆಗಿರುತ್ತಾಳೆ. ಬುಟ್ಟಿ ಒಂದೇ ಥರ, ತಕ್ಕಡಿ ಒಂದೇ, ದಿನಗೂಲಿಯ ದರವೂ ಸಾಮಾನ್ಯವಾಗಿ ಒಂದೇ. ಆದರೆ ಒಬ್ಬಳ ಹೆಸರು ವರ್ಷವಿಡೀ ರಿಜಿಸ್ಟರ್‌ನಲ್ಲಿ ಇರುತ್ತದೆ, ಇನ್ನೊಬ್ಬಳದು ಎಲೆ ಇರುವ ತನಕ ಮಾತ್ರ.

ಇದು ಹೇಗಾಯಿತು ಅಂತ ತಿಳಿಯಬೇಕಾದರೆ ಮೊದಲು ಗಿಡದ ವಿಷಯ ತಿಳಿಯಬೇಕು, ಆಮೇಲೆ ಮನೆಯ ವಿಷಯ. ಗಿಡದ ಕಥೆ ಸುಲಭ. ಮನೆಯದು ಸ್ವಲ್ಪ ಗೋಜಲು.

ಗಿಡ ಮಲಗುವ ಕಾಲ

ನೀಲಗಿರಿ, ಮುನ್ನಾರ್ ಕಡೆ ವರ್ಷದ ಎಲ್ಲಾ ತಿಂಗಳೂ ಚಹಾ ಎಲೆ ಕೀಳುತ್ತಾರೆ. ಅಸ್ಸಾಂ ಮತ್ತು ಉತ್ತರ ಬಂಗಾಳದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಚಳಿಗಾಲ ಬಂತೆಂದರೆ ಗಿಡ ಚಿಗುರುವುದನ್ನೇ ನಿಲ್ಲಿಸುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಗಿಡಗಳನ್ನು ಸವರುತ್ತಾರೆ, ಚರಂಡಿ ತೆಗೆಯುತ್ತಾರೆ. ಮಾರ್ಚ್ ಹೊತ್ತಿಗೆ ಮೊದಲ ಚಿಗುರು. ಮೇ, ಜೂನ್‌ನಲ್ಲಿ ಒಳ್ಳೇ ಬೆಲೆ ತರುವ ಎರಡನೇ ಚಿಗುರು. ಮಳೆ ಹಿಡಿದ ಮೇಲೆ ಎಲೆಯೋ ಎಲೆ. ಜುಲೈನಿಂದ ಅಕ್ಟೋಬರ್ ತನಕ ವರ್ಷದ ಬೆಳೆಯ ದೊಡ್ಡ ಪಾಲು ಬಂದುಬಿಡುತ್ತದೆ.

ಚಹಾ ಎಲೆ ಕಾಯುವುದಿಲ್ಲ. ಕೀಳಬೇಕಾದ್ದು ಎರಡು ಎಲೆ, ಒಂದು ಕುಡಿ. ಒಂದೇ ಗಿಡಕ್ಕೆ ಏಳರಿಂದ ಹತ್ತು ದಿನಕ್ಕೊಮ್ಮೆ ಮತ್ತೆ ಕೈ ಹಾಕಬೇಕು. ನಾಲ್ಕು ದಿನ ತಡವಾದರೆ ಎಲೆ ಬಲಿತು ಒರಟಾಗುತ್ತದೆ, ಟೀಪುಡಿಯ ದರ್ಜೆ ಇಳಿಯುತ್ತದೆ. ಹಾಗಾಗಿ ಆಗಸ್ಟ್‌ನಲ್ಲಿ ತೋಟಕ್ಕೆ ಬೇಕಾಗುವ ಕೈಗಳೆಷ್ಟು, ಜನವರಿಯಲ್ಲಿ ಬೇಕಾಗುವುದೆಷ್ಟು ಅಂತ ನೋಡಿದರೆ ಅಜಗಜಾಂತರ. ಸೀಸನ್‌ನಲ್ಲಿ ಹೆಚ್ಚು ಜನ, ಆಮೇಲೆ ಕಡಿಮೆ ಜನ ಅಂತ ತೋಟದವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಒಮ್ಮೆ ಸೀಸನ್ ಇನ್ನೂ ಬಿಗಿಯಾಯಿತು. 2024ರಲ್ಲಿ ಕೇಂದ್ರ ಸರ್ಕಾರದ ಟೀ ಬೋರ್ಡ್ ಅಸ್ಸಾಂ, ಬಂಗಾಳವೂ ಸೇರಿದ ಉತ್ತರ ಭಾರತದ ತೋಟಗಳು ನವೆಂಬರ್ 30ಕ್ಕೇ ಎಲೆ ಕೀಳುವುದನ್ನು ನಿಲ್ಲಿಸಬೇಕು ಅಂತ ಆದೇಶ ಮಾಡಿತು. ಚಳಿಗಾಲದ ಕಳಪೆ ಎಲೆ ಮಾರುಕಟ್ಟೆಗೆ ಬಂದರೆ ಬೆಲೆ ಕುಸಿಯುತ್ತದೆ ಅನ್ನೋದು ಕಾರಣ. ಚಹಾದ ಗುಣಮಟ್ಟಕ್ಕೆ ಅದು ಸರಿಯೇ ಇರಬಹುದು. ಫಾಲ್ತು ಕೆಲಸದವರ ಮಟ್ಟಿಗೆ ಮಾತ್ರ ಅದು ಡಿಸೆಂಬರ್ ಮೊದಲ ವಾರಗಳ ಕೂಲಿ ಹೋದ ಲೆಕ್ಕ.

ಇಷ್ಟೇ ಆಗಿದ್ದರೆ ಇದನ್ನು ಸೀಸನ್ ಕೆಲಸ ಅಂದು ಸುಮ್ಮನಾಗಬಹುದಿತ್ತು. ಆದರೆ ಒಬ್ಬ ಹೆಣ್ಣುಮಗಳು ಹದಿನೈದು, ಇಪ್ಪತ್ತು ವರ್ಷ ಪ್ರತಿ ಸೀಸನ್ನಿಗೂ ಅದೇ ತೋಟದಲ್ಲಿ ದುಡಿದು, ಪ್ರತಿ ವರ್ಷವೂ ಹೊಸಬಳಂತೆ ಹೆಸರು ಬರೆಸಬೇಕಾಗಿ ಬಂದರೆ? ಅದಕ್ಕೆ ಗಿಡ ಕಾರಣವಲ್ಲ.

ಮನೆ ಯಾರದ್ದು?

ಅಸ್ಸಾಂನಲ್ಲಿ ಚಹಾ ಕಂಪನಿ ಶುರುವಾದದ್ದು 1839ರಲ್ಲಿ. ಕಾಡು ಕಡಿದು ತೋಟ ಮಾಡಲು ಸಾಕಾಗುವಷ್ಟು ಸ್ಥಳೀಯರು ಬರಲಿಲ್ಲ. ಆಗ ಛೋಟಾ ನಾಗಪುರ, ಸಂತಾಲ್ ಪರಗಣ, ಒಡಿಶಾ, ಆಂಧ್ರದ ಕಡೆಯಿಂದ ಜನರನ್ನು ತಂದರು. ಕರೆತರುವ ದಲ್ಲಾಳಿಗೆ ಅರ್ಕಾಟಿ ಅಂತ ಹೆಸರು. ಆಸೆ ತೋರಿಸಿ ಕರೆತಂದ ಮೇಲೆ ಹಿಂದಕ್ಕೆ ಹೋಗುವಂತಿರಲಿಲ್ಲ. 1859ರ ಒಂದು ಕಾನೂನಿನ ಪ್ರಕಾರ ಒಪ್ಪಂದ ಮುರಿದು ಕೆಲಸ ಬಿಟ್ಟರೆ ಜೈಲು. 1865ರಲ್ಲಿ ಓಡಿಹೋದ ಕೂಲಿಯವರನ್ನು ಹಿಡಿಯುವ ಅಧಿಕಾರವನ್ನೇ ತೋಟದ ದೊರೆಗಳಿಗೆ ಕೊಟ್ಟರು. 1859ರ ಆ ಕಾನೂನು ರದ್ದಾದದ್ದು 1926ರಲ್ಲಿ.

ಅದಕ್ಕೂ ಮೊದಲೇ, 1921ರ ಮೇ ತಿಂಗಳಲ್ಲಿ, ಅಸ್ಸಾಂನ ಸುರ್ಮಾ ಕಣಿವೆಯ ಚರ್ಗೋಲಾ ಭಾಗದ ತೋಟಗಳಿಂದ ಸಾವಿರಾರು ಜನ ಹೆಂಡತಿ ಮಕ್ಕಳ ಸಮೇತ ಎದ್ದು ನಡೆದರು. ಊರಿಗೆ ಹೋಗ್ತೇವೆ ಅನ್ನೋದಷ್ಟೇ ಅವರ ಬೇಡಿಕೆ. ಈಗ ಬಾಂಗ್ಲಾದೇಶದಲ್ಲಿರುವ ಚಾಂದಪುರದ ರೈಲು ನಿಲ್ದಾಣದಲ್ಲಿ ರಾತ್ರಿ ಮಲಗಿದ್ದವರ ಮೇಲೆ ಗೂರ್ಖಾ ಸಿಪಾಯಿಗಳನ್ನು ಬಿಟ್ಟು ಹೊಡೆಸಿದರು. ಆ ಕಾಲದಲ್ಲಿ ತೋಟದವರಿಗೆ ಇದ್ದ ಚಿಂತೆ ಒಂದೇ: ಈ ಜನ ಬಿಟ್ಟು ಹೋಗಬಾರದು. ಅದಕ್ಕೇ ಒಂಟಿ ಗಂಡಸರಿಗಿಂತ ಸಂಸಾರಸ್ಥರು ಮೇಲು ಅಂತ ಇಡೀ ಕುಟುಂಬಗಳನ್ನೇ ತಂದು, ತೋಟದೊಳಗೇ ಸಾಲು ಮನೆ ಕಟ್ಟಿ ಕೂರಿಸಿದ್ದು. ಲೇಬರ್ ಲೈನ್ ಹುಟ್ಟಿದ್ದು ಹೀಗೆ.

ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಬಂತು. ಅದು ನಿಜಕ್ಕೂ ದೊಡ್ಡ ಹೆಜ್ಜೆ. ತೋಟದಲ್ಲಿ ವಾಸವಿರುವ ಕೆಲಸಗಾರರಿಗೂ ಅವರ ಕುಟುಂಬಕ್ಕೂ ಮನೆ, ಕುಡಿಯುವ ನೀರು, ಆಸ್ಪತ್ರೆ, 50 ಅಥವಾ ಹೆಚ್ಚು ಹೆಂಗಸರು ಇರುವ ಕಡೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಶಿಶುಗೃಹ, ಮಕ್ಕಳಿಗೆ ಶಾಲೆ, ಸಂಬಳ ಸಹಿತ ರಜೆ, ಕಾಯಿಲೆ ಬಿದ್ದಾಗ ಭತ್ಯೆ, ಇದೆಲ್ಲಾ ಮಾಲೀಕನ ಹೊಣೆ ಅಂತ ಬರೆಯಿತು. ಇದರ ಜೊತೆಗೆ ಕಡಿಮೆ ದರದ ರೇಷನ್. ಅಸ್ಸಾಂನ ತೋಟಗಳಲ್ಲಿ ಅಕ್ಕಿ, ಗೋಧಿ ಕೆಜಿಗೆ 54 ಪೈಸೆ ಅಂತ ದಶಕಗಳ ಕಾಲ ನಡೆದುಕೊಂಡು ಬಂದಿದೆ.

ಎಡವಟ್ಟಾದದ್ದು ಎಲ್ಲಿ ಅಂದರೆ, ಈ ಸೌಲಭ್ಯಗಳೆಲ್ಲಾ ಮನುಷ್ಯನಿಗೆ ಅಂಟಿಕೊಳ್ಳಲಿಲ್ಲ, ಕಾಯಂ ಕೆಲಸಕ್ಕೆ ಅಂಟಿಕೊಂಡವು. ಒಬ್ಬರನ್ನು ಕಾಯಂ ಮಾಡಿದರೆ ದಿನಗೂಲಿಯ ಜೊತೆಗೆ ಒಂದು ಮನೆ, ಒಂದು ಕುಟುಂಬದ ರೇಷನ್, ಔಷಧಿ, ಪಿಎಫ್, ಗ್ರಾಚ್ಯುಟಿ ಎಲ್ಲಾ ಬಂತು. ಅದೇ ಕುಟುಂಬದ ಇನ್ನೊಬ್ಬರನ್ನು ಸೀಸನ್‌ಗೆ ಮಾತ್ರ ಕರೆದರೆ ಹೆಚ್ಚುಕಡಿಮೆ ಬರೀ ಕೂಲಿ. ತೋಟದ ಮ್ಯಾನೇಜರ್ ಯಾವುದನ್ನು ಆರಿಸಿಕೊಳ್ಳುತ್ತಾನೆ, ನೀವೇ ಹೇಳಿ. ಕುಟುಂಬಗಳು ಬೆಳೆದವು, ಎಕರೆಗೆ ಬರುವ ಎಲೆಯೂ ಜಾಸ್ತಿಯಾಯಿತು. ಕಾಯಂ ಪಟ್ಟಿ ಮಾತ್ರ ಬಹಳ ತೋಟಗಳಲ್ಲಿ ಇದ್ದಲ್ಲೇ ಇತ್ತು. ಬೇಕಾದ ಹೆಚ್ಚಿನ ಕೈಗಳನ್ನು ಫಾಲ್ತು ಲೆಕ್ಕದಲ್ಲಿ ತೆಗೆದುಕೊಂಡರು.

ಕಾಯಂ ಕೆಲಸ ಖಾಲಿಯಾಗುವುದು ಯಾರಾದರೂ ನಿವೃತ್ತರಾದಾಗ ಅಥವಾ ತೀರಿಕೊಂಡಾಗ. ಆಗ ‘ಬದಲಿ’ ಅಂತ ಅದೇ ಮನೆಯ ಒಬ್ಬರಿಗೆ ಆ ಜಾಗ ಕೊಡುವ ಪದ್ಧತಿ ಇದೆ. ಮನೆಯಲ್ಲಿ ಮೂವರು ದುಡಿಯುವ ವಯಸ್ಸಿನವರಿದ್ದರೆ ಒಬ್ಬರು ಒಳಗೆ, ಇಬ್ಬರು ಹೊರಗೆ. ಒಳಗಿರುವವರ ಕೆಲಸ ಹೋದರೆ ಮನೆಯೂ ಹೋಗುತ್ತದೆ. ನಾಲ್ಕು ತಲೆಮಾರು ಬಾಳಿದ ಮನೆ, ಆದರೂ ಅದು ಕಂಪನಿಯದ್ದು. ಹೀಗಾಗಿ ಯಾರಾದರೂ ಒಬ್ಬರು ಕಾಯಂ ಆಗಿ ಉಳಿಯಲೇಬೇಕು ಅಂತ ಇಡೀ ಕುಟುಂಬ ತೋಟಕ್ಕೆ ಕಟ್ಟುಬಿದ್ದಿರುತ್ತದೆ. ಫಾಲ್ತು ಕೆಲಸದವರು ಸೀಸನ್ ಮುಗಿದ ಮೇಲೂ ತೋಟ ಬಿಟ್ಟು ದೂರ ಹೋಗದೆ, ಮಾರ್ಚ್‌ನಲ್ಲಿ ಕರೆದ ತಕ್ಷಣ ಸಿಗುವುದು ಇದಕ್ಕೇ.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ತೋಟಕ್ಕೆ ವರ್ಷವಿಡೀ ಕೈಗೆ ಸಿಗುವ ಜನ ಬೇಕು, ಆದರೆ ಅವರಲ್ಲಿ ಅರ್ಧದಷ್ಟು ಮಂದಿಯನ್ನು ಸಾಕುವ ಖರ್ಚು ವರ್ಷದಲ್ಲಿ ಆರೇಳು ತಿಂಗಳು ಮಾತ್ರ ತೋಟದ್ದು. ಉಳಿದ ತಿಂಗಳು ಫಾಲ್ತು ಮಗಳನ್ನು ಸಾಕುವುದು ಕಾಯಂ ತಾಯಿಯ ಕೂಲಿ, ತಾಯಿಯ ರೇಷನ್. ಕಂಪನಿಯ ಪುಸ್ತಕದಲ್ಲಿ ಆ ಖರ್ಚು ಕಾಣುವುದೇ ಇಲ್ಲ.

ರೂಪಾಯಿಯಲ್ಲಿ ಲೆಕ್ಕ ಹಾಕೋಣ

2023ರ ಅಕ್ಟೋಬರ್‌ನಿಂದ ಅಸ್ಸಾಂನ ಬ್ರಹ್ಮಪುತ್ರ ಕಣಿವೆಯಲ್ಲಿ ಚಹಾ ತೋಟದ ದಿನಗೂಲಿ 250 ರೂಪಾಯಿ, ಬರಾಕ್ ಕಣಿವೆಯಲ್ಲಿ 228 ಅಂತ ನಿಗದಿಯಾಯಿತು. 2018ಕ್ಕೆ ಮೊದಲು ಅದು 137 ಇತ್ತು. ಹೋಲಿಕೆಗೆ ಹೇಳುವುದಾದರೆ, 2024-25ರಲ್ಲಿ ನರೇಗಾ ಕೂಲಿ ಅಸ್ಸಾಂನಲ್ಲಿ 249 ರೂಪಾಯಿ, ಕರ್ನಾಟಕದಲ್ಲಿ 349.

250ರ ಲೆಕ್ಕವನ್ನೇ ಹಿಡಿದು ಒಂದು ಮನೆಯ ತಾಯಿ ಮಗಳನ್ನು ಊಹಿಸಿಕೊಳ್ಳಿ. ತಾಯಿ ಕಾಯಂ. ವರ್ಷಕ್ಕೆ 300 ದಿನ ಕೆಲಸ ಸಿಕ್ಕರೆ 75,000 ರೂಪಾಯಿ. ಮಗಳು ಫಾಲ್ತು. ಆರು ತಿಂಗಳು, ತಿಂಗಳಿಗೆ 25 ದಿನ ಅಂದರೆ 150 ದಿನ. ಅವಳಿಗೆ 37,500. ದುರ್ಗಾ ಪೂಜೆಯ ಹೊತ್ತಿಗೆ ಬೋನಸ್ ಬರುತ್ತದೆ. ಕಾನೂನು ಹೇಳುವ ಕನಿಷ್ಠ ಶೇ. 8.33ರಂತೆ ಕೊಟ್ಟರೆ ತಾಯಿಗೆ ಸುಮಾರು 6,250, ಮಗಳಿಗೆ 3,120. ಇಲ್ಲಿವರೆಗೆ ಕೆಲಸ ಅರ್ಧ, ದುಡ್ಡೂ ಅರ್ಧ, ಸರಿಯಾಗೇ ಇದೆಯಲ್ಲ ಅನ್ನಿಸಬಹುದು.

ಮೂವತ್ತು ವರ್ಷ ಆದ ಮೇಲೆ ನೋಡಿ. ವರ್ಷಕ್ಕೆ 15 ದಿನದ ಕೂಲಿಯಂತೆ ತಾಯಿಗೆ ಗ್ರಾಚ್ಯುಟಿ ಇದೆ. ಅದೇ ದರದಲ್ಲಿ 250 ಗುಣಿಸು 15 ಗುಣಿಸು 30, ಅಂದರೆ 1,12,500 ರೂಪಾಯಿ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ವರ್ಷಕ್ಕೆ 240 ದಿನದಂತೆ ಐದು ವರ್ಷದ ನಿರಂತರ ಸೇವೆ ತೋರಿಸಬೇಕು. 150 ದಿನದ ಮಗಳು ಅದನ್ನು ತೋರಿಸುವುದು ಎಲ್ಲಿಂದ? ಅವಳೂ ಮೂವತ್ತು ಸೀಸನ್ ಬೆನ್ನು ಬಗ್ಗಿಸಿದ್ದಾಳೆ. 4,500 ದಿನ. ಆದರೆ ಒಂದೊಂದು ವರ್ಷವೂ 240ರ ಗೆರೆಯ ಈಚೆಗೇ ನಿಂತುಹೋಗಿದೆ. ಆ 240 ಅನ್ನೋ ಸಂಖ್ಯೆಗೆ ಭಾರತದ ಕಾರ್ಮಿಕರ ಬದುಕಿನಲ್ಲಿ ದೊಡ್ಡ ಜಾಗವಿದೆ. ಕೆಲಸದಿಂದ ತೆಗೆಯುವ ಮುಂಚೆ ನೋಟಿಸ್, ಪರಿಹಾರ ಕೊಡಬೇಕು ಅನ್ನೋ ನಿಯಮಕ್ಕೂ ಅದೇ ಗೆರೆ. ಅದನ್ನು ದಾಟದವರನ್ನು ‘ತೆಗೆದುಹಾಕುವ’ ಪ್ರಶ್ನೆಯೇ ಬರುವುದಿಲ್ಲ. ಮುಂದಿನ ಸಲ ಕರೆಯದಿದ್ದರೆ ಮುಗಿಯಿತು.

ಇನ್ನೊಂದು ಸಣ್ಣ ಲೆಕ್ಕ. ಬಹಳ ತೋಟಗಳಲ್ಲಿ ಪೂರ್ತಿ ಕೂಲಿ ಸಿಗಬೇಕಾದರೆ ದಿನಕ್ಕೆ 24 ಕೆಜಿ ಎಲೆ ಕೀಳಬೇಕು. ನಾಲ್ಕೂವರೆ ಕೆಜಿ ಹಸಿ ಎಲೆಯಿಂದ ಒಂದು ಕೆಜಿ ಟೀಪುಡಿ ಅಂತ ಹಿಡಿದರೆ 24 ಕೆಜಿಗೆ ಐದು ಚಿಲ್ಲರೆ ಕೆಜಿ. ಅಂದರೆ ಒಂದು ಕೆಜಿ ಟೀಪುಡಿಗೆ ಎಲೆ ಕಿತ್ತ ಕೂಲಿ ಸುಮಾರು 47 ರೂಪಾಯಿ. ಕಪ್ಪಿಗೆ ಎರಡು ಗ್ರಾಂ ಪುಡಿ ಹಾಕಿದರೆ ಕೆಜಿಗೆ 500 ಕಪ್. ನೀವು ಬೆಳಿಗ್ಗೆ ಕುಡಿದ ಒಂದು ಕಪ್ ಟೀಗೆ ಎಲೆ ಕಿತ್ತವಳಿಗೆ ಸಿಕ್ಕಿದ್ದು ಒಂಬತ್ತು, ಹತ್ತು ಪೈಸೆ.

ತಕ್ಕಡಿಯ ಮುಂದೆ

ಕೂಲಿಯ ದರ ಇಬ್ಬರಿಗೂ ಒಂದೇ ಅಂದೆ. ಹಾಗಿದ್ದರೂ ವ್ಯತ್ಯಾಸ ಎಲ್ಲಿ ಕಾಣುತ್ತದೆ ಅಂತ ಗೊತ್ತಾಗಬೇಕಾದರೆ ಎಲೆ ತೂಗುವ ಹೊತ್ತಿನಲ್ಲಿ ನಿಂತು ನೋಡಬೇಕು. ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡು ಹೆಂಗಸರು ಸಾಲಾಗಿ ಬರುತ್ತಾರೆ. ಎಲೆಯ ಕಲೆಗೆ ಬೆರಳ ತುದಿ ಕಪ್ಪಾಗಿರುತ್ತದೆ. ಎಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಕ್ಕಡಿಯ ಕೊಕ್ಕೆಗೆ ಸಿಗಿಸುತ್ತಾರೆ. ತೋಟದ ಗುಮಾಸ್ತ ನೋಡಿ ತೂಕ ಬರೆದುಕೊಳ್ಳುತ್ತಾನೆ. ಬಟ್ಟೆಯ ತೂಕ ಅಂತ ಒಂದಿಷ್ಟು ಕಳೆಯುತ್ತಾರೆ. ಮಳೆಗಾಲದಲ್ಲಿ ಎಲೆಗೆ ನೀರು ಹಿಡಿದಿದೆ ಅಂತ ಇನ್ನಷ್ಟು. ಎಷ್ಟು ಕಳೆಯಬೇಕು ಅನ್ನೋದು ಬಹಳ ಸಲ ಬರೆಯುವವನ ಕೈಯಲ್ಲೇ ಇರುತ್ತದೆ.

ಕಾಯಂ ಕೆಲಸಗಾರಳಾದರೆ ‘ಇಷ್ಟು ಯಾಕೆ ಕಳೆದೆ?’ ಅಂತ ಜಗಳ ತೆಗೆಯಬಹುದು. ಯೂನಿಯನ್‌ಗೆ ಹೇಳಬಹುದು. ಫಾಲ್ತು ಕೆಲಸದವಳು ಬಾಯಿ ತೆರೆದರೆ ನಾಳೆ ಸರ್ದಾರ, ಅಂದರೆ ಕೆಲಸಕ್ಕೆ ಕರೆಯುವ ಮೇಸ್ತ್ರಿ, ಅವಳ ಹೆಸರು ಕೂಗುವುದಿಲ್ಲ. ಅಷ್ಟೇ. ಬೈಯುವುದೂ ಬೇಡ, ನೋಟಿಸೂ ಬೇಡ. ಅಭದ್ರತೆ ಅಂತ ನಾವು ಬರೆಯುವ ದೊಡ್ಡ ಪದ ಆ ಕೊಕ್ಕೆಯ ಕೆಳಗೆ ಒಂದೆರಡು ಕೆಜಿ ಎಲೆಯಾಗಿ ಕಾಣುತ್ತದೆ.

ವಿಷ ಸಿಂಪಡಿಸುವುದು, ಚರಂಡಿ ತೆಗೆಯುವಂಥ ಕಷ್ಟದ ಕೆಲಸಗಳಲ್ಲೂ ಇದೇ ಕಥೆ. ಕೈಗವಸು, ಮಾಸ್ಕ್ ಕೇಳುವ ಧೈರ್ಯ ನಾಳೆಯ ಕೆಲಸ ಗಟ್ಟಿ ಇರುವವರಿಗೆ ಮಾತ್ರ ಬರುತ್ತದೆ.

ಕಾನೂನು ಅವರನ್ನು ಪೂರ್ತಿ ಮರೆತಿಲ್ಲ

ತಾತ್ಕಾಲಿಕದವರಿಗೆ ಏನೂ ಹಕ್ಕಿಲ್ಲ ಅನ್ನೋದು ತಪ್ಪು. ತೋಟಗಳಲ್ಲಿ ಬೇಕಂತಲೇ ಹಬ್ಬಿಸಿರುವ ತಪ್ಪು ತಿಳಿವಳಿಕೆ ಇದು ಅಂತ ನನಗೆ ಅನ್ನಿಸುತ್ತದೆ.

ಬೋನಸ್ ಕಾನೂನು ಕೇಳುವುದು ವರ್ಷದಲ್ಲಿ 30 ದಿನದ ಕೆಲಸ ಮಾತ್ರ. ಹೆರಿಗೆ ಸೌಲಭ್ಯಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಈ ಸೌಲಭ್ಯ ಕಾಯಂ ಹೆಂಗಸರಿಗೆ ಮಾತ್ರ ಅಂತ ದೆಹಲಿ ನಗರಪಾಲಿಕೆ ವಾದ ಮಾಡಿತ್ತು. ರಸ್ತೆ ಕೆಲಸ ಮಾಡುವ ದಿನಗೂಲಿ ಹೆಂಗಸರ ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲಿ, ದಿನಗೂಲಿಯವರಿಗೂ ಇದು ಸಿಗಬೇಕು ಅಂತ ತೀರ್ಪು ಕೊಟ್ಟಿತು. 150 ದಿನ ದುಡಿದ ಫಾಲ್ತು ಹೆಣ್ಣುಮಗಳು ಈ ಲೆಕ್ಕದಲ್ಲಿ ಆರಾಮಾಗಿ ಬರುತ್ತಾಳೆ. 1951ರ ಕಾಯ್ದೆಗೂ 2010ರಲ್ಲಿ ತಿದ್ದುಪಡಿ ತಂದು, ಗುತ್ತಿಗೆಯ ಮೇಲೆ ವರ್ಷಕ್ಕೆ 60 ದಿನಕ್ಕಿಂತ ಜಾಸ್ತಿ ದುಡಿದವರೂ ‘ಕೆಲಸಗಾರ’ರೇ ಅಂತ ಸೇರಿಸಿದರು.

ಹಾಗಾದರೆ ಸಿಗುವುದಿಲ್ಲ ಯಾಕೆ? ಕಾಗದ ಇಲ್ಲ. 80 ದಿನ ದುಡಿದೆ ಅಂತ ತೋರಿಸಬೇಕಲ್ಲ. ಹಾಜಿರಾ ಪುಸ್ತಕ, ಅಂದರೆ ನಮ್ಮ ಹಾಜರಿ ಪುಸ್ತಕ, ಇರುವುದು ತೋಟದ ಆಫೀಸಿನಲ್ಲಿ. ಫಾಲ್ತು ಕೆಲಸಕ್ಕೆ ಬಹಳ ಕಡೆ ನೇಮಕದ ಪತ್ರವಿಲ್ಲ, ಸಂಬಳದ ಚೀಟಿಯಿಲ್ಲ. ಅಕ್ಕನ ಬದಲು ತಂಗಿ ಹೋದ ದಿನಗಳೂ ಇರುತ್ತವೆ. ಹೆಸರು ಒಬ್ಬರದ್ದು, ದುಡಿಮೆ ಇನ್ನೊಬ್ಬರದ್ದು. ಹೆರಿಗೆ ಹತ್ತಿರವಾದವಳು ಆಫೀಸಿನ ಕಿಟಕಿ ಮುಂದೆ ನಿಂತು ಪುಸ್ತಕ ತೆಗೆದು ತೋರಿಸಿ ಅಂತ ಕೇಳುವುದು ಸಣ್ಣ ವಿಷಯವಲ್ಲ, ಅದರಲ್ಲೂ ಮುಂದಿನ ಸೀಸನ್‌ಗೆ ಅದೇ ಕಿಟಕಿಗೆ ಬರಬೇಕು ಅಂತ ಗೊತ್ತಿರುವಾಗ.

ತೋಟದ ಮಾಲೀಕರ ಮಾತನ್ನೂ ಕೇಳಬೇಕು. ಹರಾಜಿನಲ್ಲಿ ಟೀ ಬೆಲೆ ಖರ್ಚಿನಷ್ಟು ವೇಗವಾಗಿ ಏರಿಲ್ಲ, ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರ್ಮಿಕರಿಗೇ ಹೋಗುತ್ತದೆ, ಮಳೆ ನಂಬುವಂತಿಲ್ಲ ಅಂತಾರೆ. ಹಳೆಯ ತೋಟಗಳು ನಷ್ಟದಿಂದ ಬಾಗಿಲು ಹಾಕಿದ್ದೂ ಉಂಟು. ಊರಿನ ಆಸ್ಪತ್ರೆ, ಶಾಲೆ, ನೀರು ಎಲ್ಲವನ್ನೂ ಒಂದು ಕಂಪನಿಯೇ ಯಾಕೆ ನೋಡಿಕೊಳ್ಳಬೇಕು, ಅದು ಸರ್ಕಾರದ ಕೆಲಸವಲ್ಲವೇ ಅನ್ನೋ ಅವರ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಸಿಗುವ ತನಕ ಅದರ ಬಿಲ್ಲನ್ನು 250 ರೂಪಾಯಿಯವಳ ಕೈಗೆ ಕೊಡುವುದು ನ್ಯಾಯವಲ್ಲ.

ದೊಡ್ಡ ತೋಟದಿಂದ ಸಣ್ಣ ತೋಟಕ್ಕೆ

ಚಹಾ ಅಂದ ತಕ್ಷಣ ದೊಡ್ಡ ಕಂಪನಿಯ ತೋಟ ಕಣ್ಣಿಗೆ ಬರುತ್ತದೆ. ಈಗ ಚಿತ್ರ ಬದಲಾಗಿದೆ. ಭಾರತದಲ್ಲಿ 2023ರಲ್ಲಿ ತಯಾರಾದ ಸುಮಾರು 139 ಕೋಟಿ ಕೆಜಿ ಚಹಾದಲ್ಲಿ ಅರ್ಧಕ್ಕಿಂತ ಜಾಸ್ತಿ ಸಣ್ಣ ಬೆಳೆಗಾರರ ಎಲೆಯಿಂದ ಬಂತು. ಟೀ ಬೋರ್ಡ್ ಲೆಕ್ಕದಲ್ಲಿ 10.12 ಹೆಕ್ಟೇರ್, ಅಂದರೆ 25 ಎಕರೆ ತನಕ ಇರುವವರು ಸಣ್ಣ ಬೆಳೆಗಾರರು. ಬಹಳ ಮಂದಿಗೆ ಇರುವುದು ಎರಡು, ಮೂರು ಎಕರೆ. ಎಲೆ ಕಿತ್ತು ಫ್ಯಾಕ್ಟರಿಗೆ ಮಾರುತ್ತಾರೆ.

1951ರ ಪ್ಲಾಂಟೇಷನ್ ಕಾಯ್ದೆ ಐದು ಹೆಕ್ಟೇರ್‌ಗಿಂತ ಕಡಿಮೆ ಇರುವ ತೋಟವನ್ನು ಮುಟ್ಟುತ್ತಿರಲಿಲ್ಲ. ಅಲ್ಲಿ ಎಲೆ ಕೀಳಲು ಬರುವವರೆಲ್ಲಾ ದಿನಗೂಲಿ ಅಥವಾ ಕೆಜಿ ಲೆಕ್ಕದವರು. ಕಾಯಂ ಅನ್ನೋ ಮಾತೇ ಇಲ್ಲ. ದೊಡ್ಡ ತೋಟದ ಫಾಲ್ತು ಹೆಣ್ಣುಮಗಳು ಕರೆ ಬರದ ದಿನ ಹೋಗುವುದು ಇಂಥ ತೋಟಕ್ಕೇ. ಕೆಲವೊಮ್ಮೆ ಅಲ್ಲಿ ಕೈಗೆ ಬರುವ ಕಾಸು ಜಾಸ್ತಿಯೇ ಇರುತ್ತದೆ. ಆದರೆ ಅದು ಕೈಯಿಂದ ಬಾಯಿಗೆ. ಪಿಎಫ್ ಇಲ್ಲ, ಪೂಜೆಗೆ ಬೋನಸ್ ಇಲ್ಲ. ಸಣ್ಣ ಬೆಳೆಗಾರನನ್ನು ದೂರಲು ಮನಸ್ಸು ಬರುವುದಿಲ್ಲ. ನೀಲಗಿರಿಯಲ್ಲಿ ಸಣ್ಣ ತೋಟಗಳನ್ನು ಮಾಡಿಕೊಂಡಿರುವವರಲ್ಲಿ ಬಹಳಷ್ಟು ಜನ ಬಡಗ ಸಮುದಾಯದವರು. ಅವರ ಮಾತು ಕೇಳಿದರೆ ನಮ್ಮ ಕನ್ನಡದ್ದೇ ತಂಗಿ ಅನ್ನಿಸುತ್ತದೆ. ಹಸಿ ಎಲೆಗೆ ಸರಿಯಾದ ಬೆಲೆ ಕೊಡಿ ಅಂತ ಅವರೇ ಎಷ್ಟೋ ವರ್ಷಗಳಿಂದ ಬೀದಿಗಿಳಿಯುತ್ತಾ ಬಂದಿದ್ದಾರೆ.

ದಕ್ಷಿಣದಲ್ಲಿ ಗಿಡ ಮಲಗುವುದಿಲ್ಲ, ಕೆಲಸ ವರ್ಷವಿಡೀ ಇದೆ, ಆದರೂ ಅಭದ್ರತೆ ತಪ್ಪಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಮುನ್ನಾರ್‌ನ ಸಾವಿರಾರು ತಮಿಳು ಹೆಂಗಸರು ಬೋನಸ್ ಕಡಿತದ ವಿರುದ್ಧ ರಸ್ತೆಗೆ ಬಂದು ಕುಳಿತದ್ದು ನೆನಪಿರಬಹುದು. ‘ಪೆಂಬಿಳೈ ಒರುಮೈ’, ಅಂದರೆ ಹೆಣ್ಣುಮಕ್ಕಳ ಒಗ್ಗಟ್ಟು, ಅಂತ ಆ ಚಳವಳಿಗೆ ಹೆಸರು. ಯೂನಿಯನ್ ನಾಯಕರನ್ನೂ ಹತ್ತಿರ ಬಿಟ್ಟುಕೊಳ್ಳದೆ ಒಂಬತ್ತು ದಿನ ಕೂತು ಶೇ. 20 ಬೋನಸ್ ಪಡೆದರು. ಆಮೇಲಿನ ಹೋರಾಟದಲ್ಲಿ ದಿನಗೂಲಿ 232ರಿಂದ 301ಕ್ಕೆ ಏರಿತು. ನನಗೆ ಅದರಲ್ಲಿ ಮುಖ್ಯ ಅನ್ನಿಸುವುದು ಗೆದ್ದ ರೂಪಾಯಿಗಿಂತ, ಹಾಗೆ ರಸ್ತೆಯಲ್ಲಿ ಕೂರಲು ಅವರಿಗೆ ಆದದ್ದು ಹೇಗೆ ಅನ್ನೋದು. ತಲೆಮಾರುಗಳಿಂದ ಒಂದೇ ಕಡೆ ಇದ್ದವರು, ಒಬ್ಬರಿಗೊಬ್ಬರು ಗೊತ್ತಿದ್ದವರು. ಅವರ ಮಕ್ಕಳು ಈಗ ಎಲೆ ಕೀಳಲು ಬರುತ್ತಿಲ್ಲ. ವಾಲ್ಪಾರೈ, ಮುನ್ನಾರ್ ಕಡೆ ಖಾಲಿಯಾದ ಜಾಗಕ್ಕೆ ಜಾರ್ಖಂಡ್, ಅಸ್ಸಾಂನಿಂದ ಜನ ಬರುತ್ತಿದ್ದಾರೆ. ಭಾಷೆ ಬಾರದ, ಇವತ್ತು ಇದ್ದು ನಾಳೆ ಇನ್ನೊಂದು ತೋಟಕ್ಕೆ ಹೋಗುವ ಇವರು ಯಾರ ಜೊತೆ ಸೇರಿ ಕೂರಬೇಕು?

ನಮ್ಮ ಲೈನ್ ಮನೆಗಳು

ಕರ್ನಾಟಕದಲ್ಲಿ ಚಹಾ ಕಡಿಮೆ. ಚಿಕ್ಕಮಗಳೂರು, ಕೊಡಗು, ಹಾಸನದಲ್ಲಿ ಒಂದಿಷ್ಟು ತೋಟಗಳಿವೆ, ಅಷ್ಟೇ. ಆದರೆ 1951ರ ಕಾಯ್ದೆ ಕಾಫಿ ತೋಟಕ್ಕೂ ಅನ್ವಯಿಸುತ್ತಿತ್ತು. ‘ಲೈನ್ ಮನೆ’ ಅನ್ನೋ ಮಾತು ಮಲೆನಾಡಿನವರಿಗೆ, ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಕೆಲಸ ಇರುವ ತನಕ ಮನೆ, ಮನೆ ಬೇಕಾದರೆ ಅದೇ ಸಾಹುಕಾರರ ಕೆಲಸ. 2016ರಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡು, ಸ್ವಂತ ಜಾಗ ಬೇಕು ಅಂತ ಹೋರಾಡಿದ ಆದಿವಾಸಿಗಳಲ್ಲಿ ಲೈನ್ ಮನೆ ಬಿಟ್ಟು ಬಂದವರು ತುಂಬಾ ಇದ್ದರು.

ಕ್ಯಾಲೆಂಡರ್ ಹಿಡಿದು ನೋಡಿದರೆ ಇನ್ನೊಂದು ಸಂಬಂಧ ಕಾಣುತ್ತದೆ. ಅಸ್ಸಾಂನಲ್ಲಿ ಚಹಾ ಗಿಡ ಮಲಗುವ ಡಿಸೆಂಬರ್, ಜನವರಿಯಲ್ಲೇ ನಮ್ಮಲ್ಲಿ ಕಾಫಿ ಕುಯ್ಲು. ಸ್ಥಳೀಯ ಆಳುಗಳು ಸಿಗದ ಕೊಡಗು, ಚಿಕ್ಕಮಗಳೂರಿನ ಎಸ್ಟೇಟುಗಳಲ್ಲಿ ಈಗ ಅಸ್ಸಾಂನವರ ಮೇಲೇ ಕೆಲಸ ನಿಂತಿದೆ. ಅವರೆಲ್ಲಾ ಚಹಾ ತೋಟದವರಲ್ಲ. ಬ್ರಹ್ಮಪುತ್ರೆ ಜಮೀನು ಕೊರೆದುಕೊಂಡು ಹೋದ ಕಡೆಯ ಬಡವರೂ ಇದ್ದಾರೆ. ಚಹಾ ಸೀಮೆಯ ನಡುವಿನ ತಿನ್ಸುಕಿಯಾದಿಂದ ಬೆಂಗಳೂರಿಗೆ ನೇರ ರೈಲಿದೆ. ತೋಟದಲ್ಲಿ ‘ಬದಲಿ’ ಸಿಗದ ಹುಡುಗರು ಆ ರೈಲು ಹತ್ತಿ ಬಂದು ಇಲ್ಲಿ ಹೋಟೆಲ್, ಸೆಕ್ಯೂರಿಟಿ ಕೆಲಸ ಹಿಡಿಯುತ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತ ಹುಡುಗನನ್ನು ಊರು ಯಾವುದು ಅಂತ ಒಂದು ಸಲ ಕೇಳಿ ನೋಡಿ. ಹೆಂಗಸರು ಮಾತ್ರ ಲೈನ್‌ನಲ್ಲೇ ಉಳಿಯುತ್ತಾರೆ. ಮನೆ ಉಳಿಸಿಕೊಳ್ಳಬೇಕಲ್ಲ.

2025ರ ನವೆಂಬರ್

ಒಂದೇ ತಿಂಗಳಲ್ಲಿ ಎರಡು ಬದಲಾವಣೆ ಬಂದವು.

ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1951ರ ಕಾಯ್ದೆ ಅದರೊಳಗೆ ಸೇರಿಹೋಯಿತು. ಹೊಸ ಸಂಹಿತೆಯಲ್ಲಿ ಒಂದು ಒಳ್ಳೇ ಮಾತಿದೆ: ಕೆಲಸಕ್ಕೆ ತೆಗೆದುಕೊಂಡ ಪ್ರತಿಯೊಬ್ಬರಿಗೂ ನೇಮಕದ ಪತ್ರ ಕೊಡಬೇಕು. ಫಾಲ್ತು ಕೆಲಸದವರ ಕೈಗೆ ಆ ಪತ್ರ ಬಂದರೆ 30 ದಿನ, 80 ದಿನದ ಹಕ್ಕುಗಳಿಗೆಲ್ಲಾ ಮೊದಲ ಸಾಕ್ಷಿ ಸಿಕ್ಕಂತೆ. ನಿಗದಿತ ಅವಧಿಗೆ ಕೆಲಸಕ್ಕೆ ಸೇರಿದವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅಂತಲೂ ಇದೆ. ಆದರೆ ಒಂದು ವರ್ಷ ಅನ್ನೋ ಗೆರೆಯನ್ನು ಆರು ತಿಂಗಳ ಕೆಲಸದವಳು ಹೇಗೆ ಮುಟ್ಟಬೇಕು? ಇನ್ನೊಂದು ಕಡೆ, ವಸ್ತು ರೂಪದಲ್ಲಿ ಕೊಡುವುದನ್ನು ಶೇ. 15ರ ತನಕ ಕೂಲಿಯ ಭಾಗ ಅಂತ ಲೆಕ್ಕ ಹಿಡಿಯಬಹುದು ಅನ್ನೋ ನಿಯಮವೂ ಬಂದಿದೆ. ತೋಟಗಳಲ್ಲಿ ಅದನ್ನು ಹೇಗೆ ಬಳಸುತ್ತಾರೆ ಅನ್ನೋದರ ಮೇಲೆ ಕಣ್ಣಿಡಬೇಕು.

ಎರಡನೆಯದು ನನಗೆ ಇನ್ನೂ ದೊಡ್ಡದು ಅನ್ನಿಸುತ್ತದೆ. ಅದೇ ತಿಂಗಳ ಕೊನೆಯಲ್ಲಿ ಅಸ್ಸಾಂ ವಿಧಾನಸಭೆ ಭೂಮಿತಿ ಕಾನೂನಿಗೆ ತಿದ್ದುಪಡಿ ತಂದು, ಲೇಬರ್ ಲೈನ್‌ನ ಜಾಗವನ್ನು ಅಲ್ಲಿ ವಾಸವಿರುವ ಕುಟುಂಬಗಳಿಗೇ ಕೊಡಲು ದಾರಿ ಮಾಡಿತು. ಅದು ಕಾಗದದಿಂದ ನೆಲಕ್ಕೆ ಇಳಿದರೆ, ಮನೆಗೂ ಕೆಲಸಕ್ಕೂ ನೂರೈವತ್ತು ವರ್ಷದಿಂದ ಬಿದ್ದಿರುವ ಗಂಟು ಸಡಿಲವಾಗುತ್ತದೆ. ಮನೆ ಉಳಿಸಿಕೊಳ್ಳಲಿಕ್ಕಾಗಿ ಒಬ್ಬರು ಕಾಯಂ ಆಗಿರಲೇಬೇಕು ಅನ್ನೋ ಒತ್ತಡ ಇರುವುದಿಲ್ಲ. ತಕ್ಕಡಿಯ ಮುಂದೆ ಜಗಳ ತೆಗೆದರೆ ಅತ್ತೆಯ ಮನೆಗೆ ಕುತ್ತು ಬಂದೀತು ಅಂತ ಸೊಸೆ ಹೆದರಬೇಕಾಗಿಲ್ಲ. ಪಟ್ಟಾ ಯಾರ ಹೆಸರಿಗೆ ಬರುತ್ತದೆ, ಹೆಂಗಸರ ಹೆಸರು ಅದರಲ್ಲಿ ಇರುತ್ತದಾ, ಕಾಯಂ ಕೆಲಸಗಾರರೇ ಇಲ್ಲದ ಮನೆಗಳಿಗೂ ಸಿಗುತ್ತದಾ ಅಂತ ಕೇಳಬೇಕಾದ ಕಾಲ ಇದು.

ಅಷ್ಟರಲ್ಲಿ ಸೀಸನ್‌ಗಳು ಬಂದು ಹೋಗುತ್ತಲೇ ಇರುತ್ತವೆ. ನವೆಂಬರ್ ಮುಗಿಯುತ್ತಿದ್ದಂತೆ ಗಿಡ ಸವರುವ ಕತ್ತಿಗಳು ಹೊರಬರುತ್ತವೆ. ಸವರಿ ಬಿದ್ದ ರೆಂಬೆಗಳನ್ನು ಒಲೆಗೆ ಅಂತ ಹೊರೆ ಕಟ್ಟಿ ಹೊತ್ತು ತರುವವರಲ್ಲಿ, ಹಿಂದಿನ ವಾರದ ತನಕ ಅದೇ ಗಿಡದ ಎಲೆ ಕಿತ್ತವರೂ ಇರುತ್ತಾರೆ.